ಹಳಿ ಬಿಟ್ಟು ನಡೆದ ಅದೆಲಿನೊ

ಅದೆಲಿನೊ ನಡೆಯುವುದನ್ನು ಮೊದಲ ಸಲ ಕಂಡವರು ಅವರ ಕಾಲಿಗೇನೋ ಆಗಿದೆ ಎಂದೇ ತಿಳಿಯುತ್ತಾರೆ. ಪ್ರತಿ ತಿರುವಿನಲ್ಲೂ ಬಲಗಾಲಿನ ಹಿಮ್ಮಡಿ ಎರಡು ಸಲ ನೆಲವನ್ನು ಗುದ್ದುತ್ತದೆ. ಇಳಿಜಾರು ಬಂದರೆ ಬಲಗೈ ಗಾಳಿಯಲ್ಲಿ ಕಾಣದ ಚಕ್ರವೊಂದನ್ನು ತಿರುಗಿಸುತ್ತದೆ. ಮೂವತ್ತನಾಲ್ಕು ವರ್ಷ ಲಿಸ್ಬನ್ನಿನ ಹಳದಿ ಟ್ರಾಮನ್ನು, ಕಾಲಿನಿಂದ ಗಂಟೆ ಬಾರಿಸುತ್ತ, ಕೈಯಿಂದ ಬ್ರೇಕು ಬಿಗಿಯುತ್ತ, ಗುಡ್ಡ ಹತ್ತಿಸಿ ಇಳಿಸಿದ ದೇಹ ಅದು. ನಿವೃತ್ತಿಯ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ. ಲಾಂಛನ ಬಿಚ್ಚಿದ ಸಮವಸ್ತ್ರದ ಕೋಟನ್ನು ಜೂನ್ ತಿಂಗಳ ಸೆಕೆಯಲ್ಲೂ ಕಳಚುವುದಿಲ್ಲ. ಟ್ರಾಮಿನಲ್ಲಿ ಪ್ರಯಾಣಿಕರಾಗಿ ಕೂರಲು ಮಾತ್ರ ಸುತರಾಂ ಒಪ್ಪರು. "ಇನ್ನೊಬ್ಬ ಬ್ರೇಕ್ ಹಾಕೋದನ್ನ ನೋಡ್ಕೊಂಡು ಕೂರೋಕಾಗಲ್ಲ ಮೇಷ್ಟ್ರೇ, ಕೈ ಸುಮ್ಮನಿರಲ್ಲ" ಎನ್ನುತ್ತಾರೆ.

ನಾನು ಅವರ ಮೇಲ್ಮಹಡಿಯಲ್ಲಿರುವ ಶಾಲಾ ಮೇಷ್ಟ್ರು. ಹೋದ ಬೇಸಿಗೆಯಲ್ಲಿ ಒಂದು ಮುಂಜಾನೆ ಬಾಗಿಲು ತಟ್ಟಿ, ಕಳ್ಳನಂತೆ ಒಳಸರಿದು ಪಿಸುಗುಟ್ಟಿದರು: "ಗುಡ್ಡದ ಮೇಲಿನ ಆ ಕೋಟೆಗೆ ಬಾಗಿಲು ಯಾವ ಕಡೆ?"

ನನಗೆ ನಗು ತಡೆಯಲಾಗಲಿಲ್ಲ. ದಿನಕ್ಕೆ ಎಂಟು ಸಲ ಜನರನ್ನು ಕೋಟೆಯ ಬುಡಕ್ಕೆ ಇಳಿಸಿಬಂದ ಮನುಷ್ಯ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಆದರೆ ಅವರ ಮುಖದಲ್ಲಿ ನಗುವಿರಲಿಲ್ಲ. ಹಿಂದಿನ ಸಂಜೆ ಬೆಟ್ಟದೂರಿನಿಂದ ಅಕ್ಕ ಫೆಲಿಸ್ಮಿನಾ ಬಂದಿಳಿದಿದ್ದರು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿ, ಪಟ್ಟಣಕ್ಕೆ ಕಳಿಸಿ, ತಾವು ಊರು ಬಿಡದೆ ಉಳಿದ ಹೆಣ್ಣುಮಗಳು. ಪ್ರತಿ ಕ್ರಿಸ್‌ಮಸ್ಸಿಗೂ ಊರಿಗೆ ಹೋದ ತಮ್ಮ, ಕೋಟೆಯ ಮೇಲಿಂದ ನದಿ ಕಾಣುವ ಚಂದವನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ಕೋಳಿಗಳನ್ನು ಪಕ್ಕದ ಮನೆಗೆ ಒಪ್ಪಿಸಿ ಬಂದ ಅಕ್ಕ ಅಂದಿನ ಸಂಜೆಯ ರೈಲಿಗೇ ಹೊರಡುವವರು. ಎಪ್ಪತ್ತೇಳರ ಮಂಡಿ ಮತ್ತೊಂದು ಪಯಣಕ್ಕೆ ಒಗ್ಗುವಂತಿರಲಿಲ್ಲ. ಇರುವ ಒಂದೇ ದಿನದಲ್ಲಿ ಬಣ್ಣ ಬಯಲಾದರೆ ಅಕ್ಕನ ಮುಂದೆ ತಲೆಯೆತ್ತುವುದು ಹೇಗೆ ಎಂಬುದೇ ಅವರ ದಿಗಿಲು. "ನೀವೂ ಬನ್ನಿ. ನಾನು ದಾರಿ ತಪ್ಪಿದ್ರೆ ಕೆಮ್ಮಿ" ಎಂದರು.

ನಮ್ಮ ಕೆಳಪೇಟೆಯಿಂದ ಕೋಟೆಗೆ ನೇರವಾದ ಓಣಿಗಳಿವೆ. ಅದೆಲಿನೊ ಹಳಿಯನ್ನೇ ಹಿಡಿದು ನಡೆದರು. ಅವರಿಗೆ ಗೊತ್ತಿದ್ದ ಲಿಸ್ಬನ್ ಅದೊಂದೇ. ನಿಲ್ದಾಣ ಬಂದಲ್ಲೆಲ್ಲ, ಇಳಿಯುವವರು ಇಳಿಯಲೆಂಬಂತೆ, ಅರೆನಿಮಿಷ ನಿಂತು ಮುಂದುವರಿಯುತ್ತಿದ್ದರು.

"ಇದು ದೊಡ್ಡ ಚರ್ಚು ಅಕ್ಕ. ಇಲ್ಲಿ ಬ್ರೇಕು ಬಿಗಿಯಾಗಿ ಹಿಡೀಬೇಕು."

"ಯಾರು ಕಟ್ಟಿಸಿದ್ದೋ?"

"ನಾನು ಕೆಲಸಕ್ಕೆ ಸೇರೋ ಮುಂಚೇನೇ ಇತ್ತು."

ಫೆಲಿಸ್ಮಿನಾ ನನ್ನ ಕಡೆ ನೋಡಿದರು. ನಾನು ನೇರಳೆ ಹೂ ಬಿಟ್ಟ ಮರದ ಕಡೆ ನೋಡಿದೆ. ಹಿಂದಿನಿಂದ ಬಂದ ಟ್ರಾಮಿನ ಕಿಟಕಿಯಿಂದ ಚಾಲಕಿ ಇಣುಕಿ, "ಮಾಮ, ಹಳಿ ಮೇಲೆ ನಡೀತಿದೀರಲ್ಲ, ಪೆನ್ಷನ್ ಸಾಲದೆ ಮತ್ತೆ ಕೆಲಸಕ್ಕೆ ಬಂದ್ರಾ?" ಎಂದು ಕಿಚಾಯಿಸಿ ಹೋದಳು. ನಾವು ಮೂವರೂ ಗೋಡೆಗೆ ಒತ್ತಿ ನಿಂತು ನಕ್ಕೆವು.

ಕೊನೆಗೆ ಹಳಿ ಬಲಕ್ಕೆ ಹೊರಳಿತು, ಕೋಟೆ ಎಡಕ್ಕೆ ಉಳಿಯಿತು. ಅದೆಲಿನೊ ಗಕ್ಕನೆ ನಿಂತರು. ಬೆಳಿಗ್ಗೆ ನಾನು ಹೇಳಿಕೊಟ್ಟಿದ್ದೆಲ್ಲ ಮರೆತುಹೋಗಿತ್ತು. ನಾನು ಕೆಮ್ಮಿ, ಎಡಗಡೆಯ ಓಣಿಗೆ ತಿರುಗಿದೆ. ನನ್ನ ಹಿಂದೆ ಅವರು, ಅವರ ತೋಳು ಹಿಡಿದ ಅಕ್ಕ, ಅಂತೂ ಕೋಟೆಯ ಮೇಲ್ಜಗಲಿ ಮುಟ್ಟಿದೆವು.

ಕೆಳಗೆ ಕೆಂಪು ಹೆಂಚಿನ ಮಾಡುಗಳು, ಅವುಗಳಾಚೆ ಕಡಲಷ್ಟು ಅಗಲವಾದ ತೇಜೊ ನದಿ. ಅದೆಲಿನೊ ಗೋಡೆಯಂಚಿಗೆ ಹೋಗಿ ಬಾಗಿ ನೋಡಿದರು, ಕೋಟಿನ ತೋಳಿನಿಂದ ಒಮ್ಮೆ ಕಣ್ಣೊರೆಸಿದರು.

ಫೆಲಿಸ್ಮಿನಾ ನದಿಯನ್ನು ಬಿಟ್ಟು ತಮ್ಮನನ್ನೇ ನೋಡುತ್ತಿದ್ದರು. "ನೀನೂ ಇದೇ ಮೊದಲು ನೋಡ್ತಿರೋದು, ಅಲ್ವೇನೋ?"

"ಹೂಂ ಅಕ್ಕ." ತಲೆ ತಗ್ಗಿತು. "ಪಾಳಿ ಮುಗಿದ ಮೇಲೆ ಹತ್ತಿ ಬರೋಕೆ ಕಾಲೇ ಬರ್ತಿರಲಿಲ್ಲ. ನೋಡಿ ಬಂದು ಟ್ರಾಮ್ ಹತ್ತಿದವರು ಹೇಳಿದ್ದನ್ನೇ ನಿಂಗೆ ಹೇಳ್ತಿದ್ದೆ."

ಬೈಗುಳ ಬರುತ್ತದೆಂದುಕೊಂಡೆ. ಮುದುಕಿ ಗೋಡೆಗೊರಗಿ ದೀರ್ಘವಾಗಿ ಉಸಿರುಬಿಟ್ಟರು. "ಸದ್ಯ. ಇಷ್ಟು ವರ್ಷ ನನ್ನ ಬಿಟ್ಟು ನೀನೊಬ್ಬನೇ ನೋಡ್ಕೊಂಡಿದ್ದೆ ಅಂತ ಪ್ರತಿ ಕ್ರಿಸ್‌ಮಸ್ಸಿಗೂ ಒಳಗೊಳಗೇ ನೊಂದ್ಕೊಳ್ತಿದ್ದೆ ಕಣೋ."

ನಗರಗಳನ್ನು ನಡೆಸುವವರು ಬಹುತೇಕ ಇಂಥವರೇ. ಲೋಕವನ್ನೆಲ್ಲ ಬಾಗಿಲ ತನಕ ಮುಟ್ಟಿಸಿ ಹಿಂದಿರುಗುತ್ತಾರೆ. ಒಳಗಿನ ಚೆಲುವನ್ನು ಬಂದವರ ಬಾಯಿಂದ ಕೇಳಿ, ಕಂಡಷ್ಟೇ ಹಿಗ್ಗಿನಿಂದ ಮನೆಯವರಿಗೆ ಹಂಚುತ್ತಾರೆ. ಅದನ್ನು ಸುಳ್ಳೆನ್ನಲು ನನಗಂತೂ ಮನಸ್ಸು ಬರುವುದಿಲ್ಲ. ಅವರಿಗೆ ಬೇಕಾದದ್ದು ಒಂದು ರಜೆಯ ದಿನ, ಮತ್ತೆ ತೋಳು ಹಿಡಿದು ಒಳಗೆ ಬರುವ ಒಬ್ಬರು.