ಬಿಕ್ಕಳಿಕೆಯ ಏಳನೆಯ ಹೆಸರು

ಲಿಂಗಸುಗೂರಿನ ಶಿವರಂಜನಿ ವೈದ್ಯಕೀಯ ಸಂಶೋಧಕಿಯಾಗಿ ನಾಲ್ಕು ವರ್ಷದಲ್ಲಿ ಪ್ರಕಟಿಸಿದ್ದು ಒಂದೇ ಒಂದು ಲೇಖನ, ಅದೂ ಮಸ್ಕಿಯ ದರ್ಜಿ ದಾವಲ್‌ಸಾಬನ ಬಿಕ್ಕಳಿಕೆಯ ಮೇಲೆ. ಎರಡು ವರ್ಷ ಬಿಡದೆ ಕಾಡಿದ ಬಿಕ್ಕಳಿಕೆಯನ್ನು ನಿಲ್ಲಿಸಿದ್ದೂ ಅವಳೇ, ಅದನ್ನು ಬರೆದದ್ದೂ ಅವಳೇ. ಆದರೆ ಬರೆದರಾಯಿತೇ? ಬೇರೆ ಸಂಶೋಧಕರು ತಮ್ಮ ಲೇಖನಗಳಲ್ಲಿ ಅದನ್ನು ಉಲ್ಲೇಖಿಸಬೇಕು. ಉಲ್ಲೇಖ ಹತ್ತಾದರೆ ಸಿಂಧನೂರಿನ ಸಂಶೋಧನಾ ಕೇಂದ್ರದಲ್ಲಿ ಅವಳ ನೌಕರಿ ಕಾಯಂ, ಇಲ್ಲದಿದ್ದರೆ ಮನೆ ದಾರಿ. ಕಾದು ಕಾದು ಬಂದದ್ದು ಆರು.

ಉಲ್ಲೇಖ ಅಂದರೇನು ಎಂದು ದಾವಲ್‌ಸಾಬ ಒಮ್ಮೆ ಕೇಳಿದಾಗ, ಎಲ್ಲೋ ಯಾರೋ ನಿಮ್ಮ ಬಿಕ್ಕಳಿಕೆಯನ್ನು ನೆನೆಸಿಕೊಂಡು ಬರೆಯುವುದು ಎಂದುಬಿಟ್ಟಳು. ಹೇಳಿ ಕೆಟ್ಟಳು. ಯಾರಾದರೂ ನೆನೆಸಿದರೆ ಬಿಕ್ಕಳಿಕೆ ಬರುತ್ತದೆ, ನೆನೆಸಿದವರ ಹೆಸರು ಹೇಳಿದರೆ ನಿಲ್ಲುತ್ತದೆ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಬಿಕ್ಕಳಿಕೆ ಮರಳಿ ಬಂದ ದಿನ ಅವನು ಮಸ್ಕಿಯಿಂದ ಬಸ್ಸು ಹಿಡಿದು ಸಿಂಧನೂರಿಗೆ ಅವಳೆದುರು ಬಂದು ಕೂತ. ಹೆಂಡತಿ ಸಕೀನಾಬೀ ಸಂತೆಕಲ್ಲೂರಿನ ಬೀಗರಿಂದ ಹಿಡಿದು ತೀರಿಹೋದವರ ತನಕ ಎಲ್ಲರ ಹೆಸರು ಹೇಳಿ ಸೋತಿದ್ದಳಂತೆ. 'ಯಾರ್ ನೆನಸಾಕತ್ತಾರ ನಿಮ್ಮ ಕಂಪ್ಯೂಟರ್‌ನ್ಯಾಗ ನೋಡ್ರಿ ಡಾಕ್ಟರಮ್ಮ' ಎಂದ.

ನೋಡಿದರೆ ಪೋಲೆಂಡಿನವನೊಬ್ಬನ ಉಲ್ಲೇಖ ಆಗಷ್ಟೇ ಬಂದಿತ್ತು. ಹೆಸರು ಓದಿದ್ದೇ ತಡ, ಬಿಕ್ಕಳಿಕೆ ನಿಂತಿತು. ವಿಜ್ಞಾನ ಓದಿದವಳಿಗೆ ನಾಚಿಕೆಯಾಯಿತು. ಆದರೂ ಆರು ಸಲವೂ ಹಾಗೇ ಆಯಿತು, ನಾಚಿಕೆಪಟ್ಟರೆ ಏನು ಬಂತು?

ಕಾಯಂ ಸಂದರ್ಶನಕ್ಕೆ ವಾರವಿರುವಾಗ ದಾವಲ್‌ಸಾಬನಿಗೆ ಹತ್ತಿದ ಬಿಕ್ಕಳಿಕೆ ಮಾತ್ರ ನಿಲ್ಲಲೊಲ್ಲದು. ಗುಂಡಿ ಹಚ್ಚಲು ಹೋದರೆ ಸೂಜಿ ಬೆರಳಿಗೇ ಚುಚ್ಚುತ್ತಿತ್ತು. ಶಿವರಂಜನಿಗೋ ಒಳಗೊಳಗೇ ಹಿಗ್ಗು. ಇಷ್ಟು ಜೋರಾಗಿ ಬರಬೇಕಾದರೆ ನಾಲ್ಕಲ್ಲ, ನಲವತ್ತು ಮಂದಿ ನೆನೆಸುತ್ತಿರಬೇಕು! ಮನುಷ್ಯ ಸಂಕಟಪಡುವಾಗ ಹಿಗ್ಗುತ್ತೀಯಲ್ಲೇ ಎಂದು ತನ್ನನ್ನೇ ಬೈದುಕೊಂಡಳು, ಬೈದುಕೊಂಡು ಮತ್ತೆ ಕಂಪ್ಯೂಟರ್ ನೋಡಿದಳು. ಆರು. ಮರುದಿನವೂ ಆರು. ಹಳೆಯ ಆರು ಹೆಸರನ್ನು ಹಿಂದುಮುಂದಾಗಿ ಓದಿದರೂ ಉಪಯೋಗವಾಗಲಿಲ್ಲ.

ಸಂದರ್ಶನದ ದಿನ ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರ ನಡುವೆ ಕೇಂದ್ರದ ನಿರ್ದೇಶಕ ಬಸವಂತರಾಯರು ಕೂತಿದ್ದರು. ಹೊರಗಿನ ಬೆಂಚಿನಿಂದ ದಾವಲ್‌ಸಾಬನ ಬಿಕ್ಕಳಿಕೆ ಒಳಗೂ ಕೇಳುತ್ತಿತ್ತು. ಬಸವಂತರಾಯರು ಉಲ್ಲೇಖಗಳ ಪಟ್ಟಿ ನೋಡಿ ತಲೆಯಾಡಿಸಿದರು.

'ಬರದ್ರ ಸಾಲಂಗಿಲ್ಲವ್ವ, ಅದನ್ನ ಮಂದಿ ನೆನಸ್ಬೇಕು. ಈ ಸಲ ಆಗಂಗಿಲ್ಲ ಬಿಡು.'

ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ದಾವಲ್‌ಸಾಬ ಬಾಗಿಲು ತಳ್ಳಿಕೊಂಡು ಬಂದ. ಹೆಸರೊಂದು ಹೇಳದಿದ್ದರೆ ತಾನು ಉಳಿಯುವುದಿಲ್ಲ ಎಂದು ಎದೆ ಹಿಡಿದುಕೊಂಡು ನಿಂತ. ಹೋಗುವ ನೌಕರಿ ಹೋಗಿಯಾಗಿತ್ತು, ಇನ್ನು ಯಾರ ಅಂಜಿಕೆ? ಶಿವರಂಜನಿ ಮೇಜಿನ ಮೇಲಿದ್ದ ಹೆಸರಿನ ಫಲಕಗಳನ್ನೇ ಓದತೊಡಗಿದಳು. ಡಾಕ್ಟರ್ ಶಿವಪ್ರಸಾದ. ಬಿಕ್ಕಳಿಕೆ ಬಂತು. ಡಾಕ್ಟರ್ ಬಸವಂತರಾಯ.

ನಿಂತಿತು.

'ನಾ ಏನೂ ಕದ್ದಿಲ್ಲ' ಎಂದರು ಬಸವಂತರಾಯರು.

ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ. ಇನ್ನೊಬ್ಬ ಪರೀಕ್ಷಕಿ ಡಾಕ್ಟರ್ ಅರ್ಜುಮಂದ್ ಸುಮ್ಮನೆ ಕಂಪ್ಯೂಟರ್ ಎಳೆದುಕೊಂಡು ಹುಡುಕಿದರು. ಕಳೆದ ವಾರವಷ್ಟೇ ಬಸವಂತರಾಯರ ಲೇಖನ ಬಂದಿತ್ತು: ಮಸ್ಕಿಯ ದರ್ಜಿಯೊಬ್ಬನ ಬಿಕ್ಕಳಿಕೆ. ಅಕ್ಷರ ಅಕ್ಷರವೂ ಶಿವರಂಜನಿಯದೇ, ಅವಳ ಹೆಸರೊಂದು ಬಿಟ್ಟು. ಸ್ನೇಹಿತರೆಲ್ಲ ಸೇರಿ ಆಗಲೇ ನಲವತ್ತೊಂದು ಸಲ ಉಲ್ಲೇಖಿಸಿದ್ದರು.

'ಇದು ನಂದ್ರಿ' ಎಂದಳು ಶಿವರಂಜನಿ.

ಬಸವಂತರಾಯರು ಉತ್ತರ ಕೊಡಲು ಬಾಯಿ ತೆರೆದರು. ಬಂದದ್ದು ಬಿಕ್ಕಳಿಕೆ.

ಸಂಜೆಯೊಳಗೆ ಸುದ್ದಿ ಮಸ್ಕಿ, ಲಿಂಗಸುಗೂರು ಮುಟ್ಟಿ ಮೂರು ತಾಲೂಕಿನ ಮಂದಿ ಅವರನ್ನು ನೆನೆಸಿದರು, ನೆನೆಸಿದ ರೀತಿಯನ್ನು ಇಲ್ಲಿ ಬರೆಯುವಂತಿಲ್ಲ. ದಾವಲ್‌ಸಾಬ ಒಳ್ಳೆಯವನು, ಬಸವಂತರಾಯರ ಪಕ್ಕದಲ್ಲಿ ಕೂತು ಊರೂರಿನವರದೂ ಒಂದೊಂದೇ ಹೆಸರು ಹೇಳತೊಡಗಿದ. ಜವಳಗೇರಾ ಮುಗಿದು ತುರ್ವಿಹಾಳ ಅರ್ಧವಾದರೂ ಬಿಕ್ಕಳಿಕೆ ನಿಲ್ಲಲಿಲ್ಲ.

ಆ ನಲವತ್ತೊಂದೂ ಶಿವರಂಜನಿಗೇ ಸೇರಬೇಕೆಂದು ಪರೀಕ್ಷಕರಿಬ್ಬರೂ ಬರೆದು ಸಹಿ ಹಾಕಿದರು, ನೌಕರಿ ಕಾಯಂ ಆಯಿತು. ಹೊರಡುವಾಗ ದಾವಲ್‌ಸಾಬ ಕೈಮುಗಿದ.

'ನನ್ನ ಮ್ಯಾಲೆ ಇನ್ನ ಬರೀಬ್ಯಾಡ್ರಿ ಡಾಕ್ಟರಮ್ಮ. ಹೊಲಿಯೋದು ಭಾಳ ಉಳದೈತಿ.'

ಬರೆಯುವುದಿಲ್ಲ ಎಂದು ಅವಳು ಮಾತು ಕೊಟ್ಟಳು. ಅವನ ಬಸ್ಸು ಹೋದ ಮೇಲೆ ಕೂತು ಎರಡನೆಯ ಲೇಖನ ಶುರುಮಾಡಿದಳು: 'ರೋಗಿ, ಐವತ್ತೊಂಬತ್ತು ವರ್ಷದ ಪುರುಷ, ಸಿಂಧನೂರು. ವೃತ್ತಿ, ನಿರ್ದೇಶಕ.'