ಅಳಿಸಿ ತೋರಿಸಿದ ಮದುವೆ

ಸಿಂಧನೂರಿನಲ್ಲಿ ಅಮರಗುಂಡಪ್ಪನನ್ನು ಎಲ್ಲರೂ ಕಂಪ್ಯೂಟರ್ ಸರ್ ಎಂದು ಕರೆಯುತ್ತಿದ್ದರು. ಹಾಗೆ ಕರೆಯಬೇಕೆಂದು ಅವನೇ ಎಲ್ಲರಿಗೂ ಹೇಳಿಕೊಟ್ಟಿದ್ದ. ಬಹಳ ವರ್ಷದ ಹಿಂದೆ ಅವನದೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಅಲ್ಲಿ ಕಲಿತವರು ಬೇರೆ ಊರಿಗೆ ಹೋಗಿ ಎಲ್ಲವನ್ನೂ ಹೊಸದಾಗಿ ಕಲಿತುಕೊಂಡರು. ಕಲಿಸಿದವನು ಮಾತ್ರ ಅಲ್ಲೇ ನಿಂತ. ಕೇಂದ್ರಕ್ಕೆ ಬೀಗ ಬಿದ್ದರೂ ‘ಸರ್’ ಎಂಬ ಪದವಿಯನ್ನು ಅವನು ಬಿಡಲಿಲ್ಲ.

ಅವನ ಅಕ್ಕನ ಮಗಳು ನಂದಿನಿ ತುರ್ವಿಹಾಳದವಳು. ಮದುವೆ, ಸೀಮಂತ, ಮನೆ ಒಕ್ಕಲುಗಳ ವಿಡಿಯೋ ತೆಗೆದು ಎಡಿಟ್ ಮಾಡಿಕೊಡುವುದು ಅವಳ ಕೆಲಸ. ಸಿಂಧನೂರಿನಲ್ಲಿ ಮಾವನ ಕಟ್ಟಡದ ಮಹಡಿಯ ಕೋಣೆಯೇ ಅವಳ ಸ್ಟುಡಿಯೋ. ಕಟ್ಟಡ ಅವನದಾದ್ದರಿಂದ ಒಂದು ಕೀಲಿಕೈ ಅವನ ಹತ್ತಿರವೂ ಇತ್ತು. ಕೀಲಿಕೈ ಇದ್ದ ಮೇಲೆ ಒಳಗಿನ ಕಂಪ್ಯೂಟರೂ ತನ್ನದೇ ಎಂದು ಅವನು ತಿಳಿದುಕೊಂಡಿದ್ದ.

ನಂದಿನಿ ತಂದ ಹೊಸ ಕಂಪ್ಯೂಟರಿನಲ್ಲಿ ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಇತ್ತು. ಒಳಗೆ ತಿರುಗುವ ತಟ್ಟೆಯಿಲ್ಲ, ಗುರ್ ಎನ್ನುವ ಸದ್ದಿಲ್ಲ. ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪರದೆ ಬೆಳಗುತ್ತಿತ್ತು. ಅದನ್ನು ಕಂಡು ಅಮರಗುಂಡಪ್ಪನ ಕೈ ಕಡಿಯತೊಡಗಿತು. ತನ್ನ ಕೈ ತಾಗದೆ ಚೆನ್ನಾಗಿ ನಡೆಯುವ ವಸ್ತು ಲೋಕದಲ್ಲಿ ಇರಬಾರದು ಎಂಬ ಜಾತಿಯ ಮನುಷ್ಯ ಅವನು.

ದಿನಾ ಬೆಳಿಗ್ಗೆ ನಂದಿನಿ ಬಸ್ಸಿಳಿದು ಬರುವ ಮೊದಲೇ ಅವನು ಬಂದು ಕೂತಿರುತ್ತಿದ್ದ. ಡಿಸ್ಕಿನಲ್ಲಿ ಚದುರಿದ ಫೈಲಿನ ಚೂರುಗಳನ್ನು ಒಂದೆಡೆ ಜೋಡಿಸುವ, ತನ್ನ ಕಾಲದ ಡಿಫ್ರ್ಯಾಗ್ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡು, ಪರದೆಯ ಮೇಲೆ ಬಣ್ಣದ ಚೌಕಗಳು ಜಾಗ ಬದಲಿಸುವುದನ್ನು ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಿದ್ದ. ಹೊಲದ ಬದುವಿನ ಮೇಲೆ ಕೂತು ನಾಟಿಯ ಆಳುಗಳನ್ನು ನೋಡುವ ಸಾಹುಕಾರನ ಗತ್ತು ಆ ಮುಖದಲ್ಲಿರುತ್ತಿತ್ತು.

“ಮಾಮಾ, ಇದಕ್ಕ ಡಿಫ್ರ್ಯಾಗ್ ಬ್ಯಾಡ್ರೀ,” ಎಂದಳು ನಂದಿನಿ. “ತಟ್ಟಿ ತಿರುಗೋ ಡಿಸ್ಕಿಗೆ ಅದು ಬೇಕಿತ್ತು, ಚೂರು ಚೂರು ಹುಡುಕಾಕ ಹೊತ್ತು ಹಿಡೀತಿತ್ತು. ಇದ್ರಾಗ ಯಾವ ಚೂರು ಎಲ್ಲಿದ್ರೂ ಒಂದಽ. ಅಳಿಸಿ ಬರದು, ಅಳಿಸಿ ಬರದು ಸುಮ್ನ ಅದರ ಆಯುಷ್ಯ ಸವಸಾಕತ್ತೀರಿ.”

“ಏ ಹುಚ್ಚಿ, ನೀ ಹುಟ್ಟೂಕಿಂತ ಮೊದ್ಲ ನಾ ಡಿಸ್ಕ್ ಬಿಚ್ಚಿ ನೋಡೀನಿ,” ಎಂದ ಅವನು. “ಮಷಿನ್ನಿಗೆ ಸೇವಾ ಮಾಡಬೇಕು. ಸೇವಾ ಇಲ್ಲದ ಮಷಿನ್ ಒಂದೂವರಿ ವರ್ಷ ಬಾಳಂಗಿಲ್ಲ.”

ಅವನ ಸೇವೆ ಅಲ್ಲಿಗೆ ನಿಲ್ಲಲಿಲ್ಲ. ವೇಗ ಹೆಚ್ಚಿಸುತ್ತೇವೆ ಎಂದು ಹೇಳಿಕೊಳ್ಳುವ ಸಾಫ್ಟ್‌ವೇರುಗಳನ್ನು ಒಂದರ ಮೇಲೊಂದು ತುಂಬಿದ. ಅವು ಒಂದನ್ನೊಂದು ಕಾಯುತ್ತ, ಕಂಪ್ಯೂಟರನ್ನು ಕಾಯಿಸುತ್ತ ಕೂತವು. ಧೂಳು ಬೀಳಬಾರದೆಂದು ಮನೆಯಿಂದ ದಪ್ಪನೆಯ ಟವೆಲ್ಲೊಂದನ್ನು ತಂದು ಕಂಪ್ಯೂಟರ್ ಡಬ್ಬಿಯ ಗಾಳಿಕಿಂಡಿಗಳ ಮೇಲೆ ಹೊದಿಸಿದ. ಸಿಂಧನೂರಿನ ಬೇಸಿಗೆಯಲ್ಲಿ ಮನುಷ್ಯರೇ ಅಂಗಿ ಬಿಚ್ಚಿ ಕೂರುವಾಗ ಆ ಯಂತ್ರಕ್ಕೆ ಹೊದಿಕೆ. ಕರೆಂಟು ಹೋದಾಗ ಕೆಲಸ ಉಳಿಸಿಕೊಳ್ಳಲೆಂದು ನಂದಿನಿ ಇಟ್ಟಿದ್ದ ಯುಪಿಎಸ್‌ಗೆ ತನ್ನ ಟೇಬಲ್ ಫ್ಯಾನು ಸಿಕ್ಕಿಸಿಕೊಂಡ. ಡ್ರೈವಿನಲ್ಲಿ ಉಳಿದಿದ್ದ ಖಾಲಿ ಜಾಗಕ್ಕೆಲ್ಲ ತನ್ನ ಸನ್ಮಾನಗಳ ವಿಡಿಯೋ ಸುರಿದ. ಅಂಚಿನವರೆಗೆ ತುಂಬಿದ ಎಸ್‌ಎಸ್‌ಡಿಗೆ ಹೊಸದನ್ನು ಬರೆಯಲು ತಿಣುಕಾಟ; ಒಂದಷ್ಟು ಜಾಗ ಸದಾ ಖಾಲಿ ಇರಬೇಕು ಎಂದು ನಂದಿನಿ ಹೇಳಿದರೆ, “ಖಾಲಿ ಇಟ್ಟು ಏನು ಉಪ್ಪಿನಕಾಯಿ ಹಾಕ್ತೀ?” ಎಂದು ಕೇಳಿದ.

ಅವಳು ಡಿಫ್ರ್ಯಾಗನ್ನು ತೆಗೆದು ಹಾಕಿದರೆ ಮರುದಿನ ಅದು ಮತ್ತೆ ಇರುತ್ತಿತ್ತು. ಕಟ್ಟಡ ಅವನದು, ಅವ್ವನಿಗೆ ಒಬ್ಬನೇ ತಮ್ಮ. ಅವಳು ಹಲ್ಲು ಕಚ್ಚಿಕೊಂಡು ಎಡಿಟ್ ಮಾಡುತ್ತಿದ್ದಳು. ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿದ್ದ ಫೈಲು ಈಗ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು.

ಹೀಗಿರುವಾಗ ಫೋಟೋ, ವಿಡಿಯೋದವರ ಸಂಘ ಲಿಂಗಸುಗೂರಿನಲ್ಲಿ ಒಂದು ಸಭೆ ಇಟ್ಟಿತು. ‘ಎಸ್‌ಎಸ್‌ಡಿ: ವೇಗ ಮತ್ತು ಆಯುಷ್ಯ’ ಎಂಬ ಉಪನ್ಯಾಸ ಕೊಡುತ್ತೇನೆಂದು ಅಮರಗುಂಡಪ್ಪ ತಾನಾಗಿಯೇ ಗಂಟುಬಿದ್ದ. ಬ್ಯಾನರಿನಲ್ಲಿ ವಿಷಯಕ್ಕಿಂತ ಅವನ ಮುಖ ದೊಡ್ಡದಿತ್ತು. ತೋರಿಸಲು ಒಂದು ಯಂತ್ರ ಬೇಕಲ್ಲ ಎಂದು ನಂದಿನಿಯ ಕಂಪ್ಯೂಟರನ್ನೇ ಟವೆಲ್ ಸಮೇತ ಕಾರಿನಲ್ಲಿ ಹಾಕಿಕೊಂಡ. ತನ್ನ ಕಂಪ್ಯೂಟರನ್ನು ಒಂಟಿಯಾಗಿ ಅವನ ಜೊತೆ ಕಳಿಸಲು ಧೈರ್ಯವಿಲ್ಲದೆ ನಂದಿನಿಯೂ ಹತ್ತಿದಳು.

ವೇದಿಕೆಯ ಮೇಲೆ ಗುಂಡಿ ಒತ್ತಿದರೆ ಅದು ಏಳಲೊಲ್ಲದು. “ಹಾದ್ಯಾಗ ಬಿಸಿಲಿಗೆ ದಣದೈತಿ,” ಎಂದ ಅಮರಗುಂಡಪ್ಪ. ಹಿಂದಿನ ಸಾಲಿನವರು ನಕ್ಕರು. ಕೊನೆಗೂ ಪರದೆ ಬೆಳಗಿದಾಗ ಮಸ್ಕಿಯ ಸ್ಟುಡಿಯೋದ ಲಾಲ್‌ಸಾಬ್ ಎದ್ದು ನಿಂತ.

“ಸರ್, ಎಸ್‌ಎಸ್‌ಡ್ಯಾಗ ಡಿಲೀಟ್ ಆಗಿದ್ದು ವಾಪಸ್ ಬರಂಗಿಲ್ಲ ಅಂತಾರ. ಖರೇ ಏನ್ರೀ?”

“ಯಾರು ಹೇಳಿದ್ರು ನಿನಗ? ನೋಡು ಇಲ್ಲೇ!”

ಅಳಿಸಿದ್ದನ್ನು ಮರಳಿ ತರುವುದು ತರಬೇತಿ ಕೇಂದ್ರದ ಕಾಲದಲ್ಲಿ ಅವನ ದೊಡ್ಡ ಚಮತ್ಕಾರವಾಗಿತ್ತು. ಹುಡುಗರು ಬಾಯಿ ಬಿಟ್ಟು ನೋಡುತ್ತಿದ್ದರು. ಅದೇ ಹುಮ್ಮಸ್ಸಿನಲ್ಲಿ ಅವನು ಪರದೆಯ ಮೇಲೆ ಮೊದಲು ಕಂಡ ದೊಡ್ಡ ಫೋಲ್ಡರನ್ನು ಆರಿಸಿದ. ಅದು ಗುರುಗುಂಟಾದ ದೀಪಾಳ ಮದುವೆ. ನಂದಿನಿ ವಾರಗಟ್ಟಲೆ ಕೂತು ಕತ್ತರಿಸಿ, ಬಣ್ಣ ತಿದ್ದಿ, ಹಾಡು ಹೊಂದಿಸಿ, ಮುಗಿಸುವ ಹಂತಕ್ಕೆ ತಂದಿದ್ದ ಕೆಲಸ. ನಾಗರಪಂಚಮಿಗೆ ದೀಪಾ ತವರಿಗೆ ಬರುವಾಗ ಮನೆಯವರೆಲ್ಲ ಕೂತು ನೋಡಬೇಕೆಂದು ಅವಳ ತಾಯಿ ಹೇಳಿಟ್ಟಿದ್ದರು.

“ಮಾಮಾ, ಅದನ್ನ ಮುಟ್ಟಬ್ಯಾಡ್ರೀ!” ನಂದಿನಿ ಕೂತಲ್ಲಿಂದಲೇ ಕೂಗಿದಳು. “ಅದು ಗುರುಗುಂಟಾದವರ ಮದುವಿ ಐತಿ!”

“ಹೆದರಬ್ಯಾಡ. ಇದ್ದದ್ದು ಇದ್ದಂಗ ತಂದು ಕೊಡ್ತೀನಿ.”

ಕಂಪ್ಯೂಟರಿನ ಕಸದ ಬುಟ್ಟಿಗೂ ಹೋಗದಂತೆ, ನೇರವಾಗಿ ಅಳಿಸಿಬಿಟ್ಟ. ಆಮೇಲೆ ಹಳೆಯ ಸಾಫ್ಟ್‌ವೇರ್ ತೆರೆದು ಹುಡುಕಿಸಿದ. ಫೈಲುಗಳ ಹೆಸರುಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಅವನು ಸಭೆಯ ಕಡೆ ತಿರುಗಿ ಕೈ ಚಾಚಿದ. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಒಂದನ್ನು ತೆರೆದ. ಏನೂ ಕಾಣಲಿಲ್ಲ. ಇನ್ನೊಂದನ್ನು ತೆರೆದ, ಅದೂ ಖಾಲಿ. ಹೆಸರು ಮಾತ್ರ ಉಳಿದಿತ್ತು, ಒಳಗೆ ಮದುವೆ ಇರಲಿಲ್ಲ.

“ಅಳಿಸಿದ ಕೂಡ್ಲೆ ಆ ಜಾಗ ಬಿಟ್ಟುಬಿಡು ಅಂತ ಡ್ರೈವಿಗೆ ಹುಕುಂ ಹೋಗ್ತೈತ್ರೀ ಸರ್,” ಎಂದ ಲಾಲ್‌ಸಾಬ್. “ಮುಂದ ಬರಿಯಾಕ ಲಗೂನ ಆಗ್ಲಿ ಅಂತ ಅದು ಜಾಗ ಸಾಫ್ ಮಾಡ್ಕೊಂತೈತಿ. ಇದು ನಿಮಗ ಗೊತ್ತಿರಬೇಕು ಅಂತ ಕೇಳಿದ್ನಿ.”

“ಡ್ರೈವು ಡುಪ್ಲಿಕೇಟ್ ಮಾಲು,” ಎಂದ ಅಮರಗುಂಡಪ್ಪ, ಮತ್ತು ಆಯುಷ್ಯದ ಬಗ್ಗೆ ಉಪನ್ಯಾಸ ಮುಂದುವರಿಸಿದ.

ನಂದಿನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಕ್ಯಾಮೆರಾದಿಂದ ಇಳಿಸಿದ ಮೂಲ ವಿಡಿಯೋಗಳ ಇನ್ನೊಂದು ಪ್ರತಿಯನ್ನು ಅವಳು ತುರ್ವಿಹಾಳದ ಮನೆಯಲ್ಲಿ ಬೇರೆ ಡಿಸ್ಕಿನಲ್ಲಿ ಇಟ್ಟಿದ್ದಳು. ಮದುವೆ ಉಳಿದಿತ್ತು, ಅವಳ ದುಡಿಮೆ ಹೋಗಿತ್ತು. ಈ ಮಾತನ್ನು ಮಾವನಿಗೆ ಹೇಳಲಿಲ್ಲ. ತಪ್ಪಾಯಿತು ಎಂದು ಒಮ್ಮೆ ಅನ್ನಲಿ, ಹೇಳುತ್ತೇನೆ ಎಂದುಕೊಂಡು ಕಾರಿನಲ್ಲಿ ಕೂತಳು. ಮಸ್ಕಿ ಬರುವವರೆಗೆ ಅವನು ಡ್ರೈವ್ ತಯಾರಿಸಿದವರನ್ನು ಬೈದ. ಮಸ್ಕಿ ದಾಟಿದ ಮೇಲೆ, ಅಂಥದ್ದನ್ನು ಕೊಂಡುಕೊಂಡ ಅವಳನ್ನು ಬೈದ.

ಮದುವೆಯ ಮನೆಯವರಿಗೆ ವಿಷಯ ತಿಳಿಸಲು ಅವಳು ಗುರುಗುಂಟಾಕ್ಕೆ ಹೊರಟಾಗ, “ನಿನಗ ಮಂದಿ ಜೋಡಿ ಮಾತಾಡಾಕ ಬರಂಗಿಲ್ಲ,” ಎಂದು ಅವನೂ ಬೆನ್ನು ಹತ್ತಿದ.

ದೀಪಾಳ ತಾಯಿ ಅಮರಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಚಹಾ ಕೊಟ್ಟರು. ತಂದೆ ನರಸಣ್ಣ ಆಗತಾನೆ ಎಮ್ಮೆ ಕಟ್ಟಿ ಬಂದು ಕಂಬಕ್ಕೊರಗಿ ಕೂತರು. ಅಮರಗುಂಡಪ್ಪ ಗಂಟಲು ಸರಿಮಾಡಿಕೊಂಡ.

“ಏನಾಗೇತಂದ್ರ, ಟೆಕ್ನಿಕಲ್ ಪ್ರಾಬ್ಲಂ ರೀ. ಹುಡುಗಿ ಮಷಿನ್ ಸರಿಯಾಗಿ ನೋಡ್ಕೊಂಡಿಲ್ಲ. ಅದಕ್ಕ ನಿಮ್ಮ ಮದುವಿ ಡಿಲೀಟ್ ಆಗೇತಿ.”

“ತಾನಽ ಆತೇನ್ರೀ?” ಎಂದು ಕೇಳಿದರು ನರಸಣ್ಣ.

ಅಮರಗುಂಡಪ್ಪ ಚಹಾ ಕುಡಿಯತೊಡಗಿದ.

“ಇಲ್ರೀ ಅಪ್ಪಾರ,” ಎಂದಳು ನಂದಿನಿ. “ಇವರು ಅಳಿಸ್ಯಾರ. ಲಿಂಗಸುಗೂರಾಗ ಸ್ಟೇಜಿನ ಮ್ಯಾಲೆ, ಮಂದಿಗೆ ತೋರ್ಸಾಕ. ನಾ ಬ್ಯಾಡ ಅಂತ ಒದರಿದೆ.”

ಅಮರಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಆಟ ಆಡಾಕ ನಮ್ಮ ಹುಡುಗಿ ಮದುವಿನಽ ಬೇಕಿತ್ತೇನ್ರೀ ನಿಮಗ? ನಿಮ್ಮ ಸ್ವಂತದ್ದು ಒಂದು ಫೋಟೋ ಇರಲಿಲ್ಲೇನು?”

ಇತ್ತು, ಡ್ರೈವಿನ ಮುಕ್ಕಾಲು ಪಾಲು ಅವನೇ ಇದ್ದ. ಆದರೆ ಅದನ್ನು ಅಳಿಸುವುದು ಅವನಿಗೆ ಹೊಳೆದಿರಲಿಲ್ಲ.

ಆಗ ನಂದಿನಿ, “ಅವ್ವಾರ, ಮೂಲ ವಿಡಿಯೋ ನನ್ನ ಕಡೆ ಭದ್ರ ಐತ್ರೀ. ಮೊದ್ಲಿಂದ ಮತ್ತ ಎಡಿಟ್ ಮಾಡಬೇಕು. ಪಂಚಮಿಗೆ ಕೊಡ್ತೀನಿ,” ಎಂದಳು.

“ಐತಾ?” ಅಮರಗುಂಡಪ್ಪ ಎದ್ದೇ ನಿಂತ. “ನನಗ್ಯಾಕ ಹೇಳಲಿಲ್ಲ? ನೋಡ್ರೀ, ಬ್ಯಾಕಪ್ ಇಟ್ಕೊಬೇಕು ಅಂತ ಕಲಿಸಿದಾಂವ ನಾನಽ!”

“ನೀವು ಹೊರಗ ಹೋಗಿ ಕಾರು ನೋಡ್ಕೊಳ್ರೀ,” ಎಂದರು ಅಮರಮ್ಮ. ಅವನು ಹೋದ.

ಆ ವಾರವೇ ನಂದಿನಿ ಕೋಣೆ ಖಾಲಿ ಮಾಡಿದಳು. ಮಸ್ಕಿಯಲ್ಲಿ ಲಾಲ್‌ಸಾಬ್‌ನ ಸ್ಟುಡಿಯೋದ ಪಕ್ಕದ ಕೋಣೆ ಸಿಕ್ಕಿತು. ತಮ್ಮನ ಕಟ್ಟಡ ಬಿಟ್ಟಳೆಂದು ಅವಳ ಅವ್ವ ಎರಡು ದಿನ ಮಾತು ಬಿಟ್ಟಳು, ಆಮೇಲೆ ತಾನೇ ಬಂದು ಹೊಸ ಕೋಣೆ ಗುಡಿಸಿಕೊಟ್ಟಳು. ನಂದಿನಿ ಸನ್ಮಾನಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಮಾವನಿಗೆ ಕಳಿಸಿ, ಡ್ರೈವಿನಲ್ಲಿ ಜಾಗ ಬಿಡಿಸಿದಳು. ವೇಗದ ಸಾಫ್ಟ್‌ವೇರುಗಳನ್ನು ಕಿತ್ತೆಸೆದಳು. ಡಬ್ಬಿಗೆ ಗಾಳಿಯಾಡಿತು, ಯುಪಿಎಸ್ ಅದರ ಕೆಲಸಕ್ಕೆ ಮರಳಿತು. ಇಷ್ಟು ಸೇವೆ ಮಾಡಿಸಿಕೊಂಡೂ ಆ ಎಸ್‌ಎಸ್‌ಡಿ ಸತ್ತಿರಲಿಲ್ಲ. ಆಯುಷ್ಯ ಸ್ವಲ್ಪ ಕಳೆದುಕೊಂಡಿತ್ತು, ಅಷ್ಟೆ. ಮೊದಲಿನಂತೆಯೇ ಚುರುಕಾಗಿ ಎದ್ದಿತು. ತನ್ನ ಸೇವೆಯ ಫಲ ಈಗ ಕಾಣುತ್ತಿದೆ ಎಂದು ಅಮರಗುಂಡಪ್ಪ ಚಹಾದಂಗಡಿಯಲ್ಲಿ ಹೇಳಿಕೊಂಡ. ಈಚೆಗೆ ಅವನು ಮೊಬೈಲ್ ಬ್ಯಾಟರಿಯ ಆಯುಷ್ಯ ಹೆಚ್ಚಿಸುವ ಬಗ್ಗೆ ಮಾತಾಡುತ್ತಿದ್ದಾನಂತೆ. ಊರಿನವರು ತಮ್ಮ ಮೊಬೈಲುಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಕೇಳುತ್ತಾರೆ.

ಪಂಚಮಿಗೆ ಗುರುಗುಂಟಾದಲ್ಲಿ ಎಲ್ಲರೂ ಕೂತು ಮದುವೆ ನೋಡಿದರು. ಸಂಜೆ ಅಮರಮ್ಮನ ಫೋನು ಬಂತು.

“ನಂದಿನಿ, ಛಲೋ ಮಾಡಿಯವ್ವ. ಆದ್ರ ನಮ್ಮ ಪಾಮನಕಲ್ಲೂರಿನ ಅತ್ತಿ ವಿಡಿಯೋದಾಗ ಎಲ್ಯೂ ಕಾಣವಲ್ಲಳು. ಊಟ ಬಿಟ್ಟು ಸಿಟ್ಟು ಮಾಡ್ಕೊಂಡು ಕುಂತಾಳ.”

“ಅಡಿಗಿ ಮನ್ಯಾಗ ಇದ್ರಲ್ಲ, ಹಸಿರು ಸೀರಿಯವರೇನ್ರೀ?”

“ಅವರಽ.”

“ಹೋಳಿಗಿ ಬಡಿಸೋ ವಿಡಿಯೋ ಒಂದೈತಿ ಅವರದು. ನಾಳಿಗೆ ಸೇರ್ಸಿ ಕಳಿಸ್ತೀನಿ, ಊಟ ಮಾಡಾಕ ಹೇಳ್ರಿ,” ಎಂದು ನಂದಿನಿ ಕುರ್ಚಿ ಎಳೆದುಕೊಂಡಳು.