ಎಡೆಗೆ ಇಟ್ಟ ದನಿ

ಬಾಗಿಲು ಮುಂದೆ ಮಾಡಿ ಚಿಕ್ಕವೆಂಕಟಪ್ಪ ಜಗಲಿಗೆ ಬಂದು ಕೂರುವಷ್ಟರಲ್ಲಿ ಮಗನೂ ಅಳಿಯನೂ ಮತ್ತೆ ಶುರು ಮಾಡಿಕೊಂಡಿದ್ದರು.

"ನೀವು ಜೋಡ್ಸೋ ಡಬ್ಬ ತಂದಿಟ್ರೆ ಅದ್ರ ಫ್ಯಾನ್ ಸದ್ದಿಗೇ ಯಾರೂ ನಿದ್ದೆ ಮಾಡಂಗಿಲ್ಲ ಭಾವ," ಎಂದ ಮಗ ನಂದೀಶ್. "ರೆಡಿ ಪೆಟ್ಟಿಗೆ ಆದ್ರೆ ವಯರ್ ಸಿಗ್ಸು, ಫೋನಲ್ಲಿ ಆ್ಯಪ್ ಹಾಕ್ಕೋ, ಮುಗೀತು."

"ಮುಗೀತು ಅಂದ್ರೆ ನಿಜ್ವಾಗ್ಲೂ ಮುಗೀತು ಕಣೋ. ಬೋರ್ಡ್ ಹೋದ್ರೆ ಅದೇ ಕಂಪ್ನಿ ಪೆಟ್ಟಿಗೇನೇ ಬೇಕು. ಅಷ್ಟೊತ್ಗೆ ಅವ್ರು ಆ ಮಾಡಲ್ಲೇ ನಿಲ್ಸಿರ್ತಾರೆ. ನಾನು ಜೋಡ್ಸಿದ್ರೆ ಯಾವ ಪಾರ್ಟ್ ಹೋದ್ರೂ ನನ್ನಂಗ್ಡೀಲೇ ಹಾಕ್ಕೊಡ್ತೀನಿ."

"ಹಾಕ್ಕೊಡ್ತೀರ. ನಮ್ ಮಿಕ್ಸಿ ನಿಮ್ಮಂಗ್ಡೀಗೆ ಬಂದು ಎಷ್ಟು ತಿಂಗ್ಳಾಯ್ತು?"

ಜಗಲಿಯ ಆಚೆ ತುದಿಯಲ್ಲಿ ಕೂತಿದ್ದ ಮಗಳು ಶಿಲ್ಪ ಗಂಡನ ಕಡೆ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಸ್ವಲ್ಪ ಬಾಯಿ ಮುಚ್ಕೊಂಡಿರ್ರಪ್ಪಾ," ಎಂದ ಚಿಕ್ಕವೆಂಕಟಪ್ಪ. "ಒಳಗೆ ಅವ್ಳು ಉಣ್ತಾವ್ಳೆ."

ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಟ್ಟು, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಕಾಯುವುದು ಸಾಸಲು ಊರಿನ ಆ ಮನೆಯ ಹಳೆಯ ನಡೆ. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಉಣ್ಣುವಾಗ ಬಾಗಿಲು ತೆಗೆದರೆ ಹಸಿದುಕೊಂಡೇ ಎದ್ದು ಹೋಗುತ್ತಾರೆ ಎಂದು ಅವನ ತಾಯಿ ಅಮ್ಮಯಮ್ಮ ಹೇಳುತ್ತಿದ್ದಳು. ಇಷ್ಟು ವರ್ಷ ಅವನು ತಂದೆತಾಯಿಗೆ ಎಡೆ ಇಟ್ಟು ನಿಶ್ಚಿಂತೆಯಿಂದ ಕಾದಿದ್ದ. ಶಿವರಾತ್ರಿ ಕಳೆದ ವಾರದಲ್ಲಿ ಹೆಂಡತಿ ಅನುಸೂಯಮ್ಮ ತೀರಿಕೊಂಡಳು. ಈ ಸಲ ಅವಳಿಗೆ ಮೊದಲ ಎಡೆ.

ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕು. ಕಜ್ಜಾಯ, ವಡೆ, ಹಸಿರು ಗಾಜಿನ ಬಳೆ, ಸ್ಟೀಲ್ ಲೋಟದ ತುಂಬ ಕಾಫಿ ಇಟ್ಟಾಗಿತ್ತು. ಜೊತೆಗೆ ಅವಳ ಹಾಡನ್ನೂ ಇಟ್ಟಿದ್ದ. ಧನುರ್ಮಾಸದ ಬೆಳಗುಗಳಲ್ಲಿ ಊರ ಗುಡಿಯಲ್ಲಿ ಅವಳು ಹೇಳುತ್ತಿದ್ದ ಭಜನೆಗಳನ್ನು ಶಿಲ್ಪ ವರ್ಷ ವರ್ಷವೂ ಫೋನಿನಲ್ಲಿ ಹಿಡಿದು ಒಂದು ಅಂಗೈಯಗಲದ ಹಾರ್ಡ್ ಡಿಸ್ಕಿಗೆ ತುಂಬಿದ್ದಳು. ಅದು ಹಳೆಯದು. ಒಮ್ಮೆ ಓದಿದರೆ ಒಮ್ಮೆ ಓದದು. ಅದಕ್ಕೇ ಮನೆಯ ಹಾಡು, ಚಿತ್ರಗಳೆಲ್ಲ ಭದ್ರವಾಗಿ ಕೂತು, ಯಾರ ಫೋನಿಗೆ ಬೇಕಾದರೂ ಬರುವಂಥ ಪೆಟ್ಟಿಗೆಯೊಂದನ್ನು ತರುವ ಮಾತೆದ್ದಿತ್ತು. ನ್ಯಾಸ್ ಅಂತ ಅದರ ಹೆಸರಂತೆ. ದೊಡ್ಡಬಳ್ಳಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅಳಿಯ ಚಲಪತಿ ತಾನೇ ಜೋಡಿಸುತ್ತೇನೆಂದ. ಮಗ ಕಂಪನಿಯ ರೆಡಿ ಪೆಟ್ಟಿಗೆಯೇ ಆಗಬೇಕೆಂದ.

ಆವತ್ತಿನಿಂದ ಇದೇ ಗಲಾಟೆ. ಟ್ರ್ಯಾಕ್ಟರಿಗೆ ಟ್ರೈಲರ್ ಬೇಕಾದಾಗ ಚಿಕ್ಕವೆಂಕಟಪ್ಪ ವೆಲ್ಡಿಂಗ್ ಅಂಗಡಿಯವನಿಗೆ ಉದ್ದ ಅಗಲ ಹೇಳಿ, ಒಂದು ಟೀ ಕುಡಿದು ಎದ್ದು ಬಂದಿದ್ದ. ಇವರು ಒಂದು ಡಬ್ಬಕ್ಕೆ ಯುಗಾದಿ ಕಳೆದರು, ಗೌರಿ ಹಬ್ಬ ಕಳೆದರು. ಅಲ್ಲಿಯವರೆಗೆ ಒಂದು ನಕಲನ್ನಾದರೂ ಮಾಡಿಡಿ ಎಂದರೆ, ಹೇಗೂ ಪೆಟ್ಟಿಗೆ ಬರುತ್ತದಲ್ಲ, ಒಂದೇ ಸಲ ಹಾಕೋಣ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳುವರು. ಅದೊಂದರಲ್ಲಿ ಮಾತ್ರ ಒಮ್ಮತ! ಕೊನೆಗೆ ಚಲಪತಿ ಸೋತು, ಸರಿ, ಪೆಟ್ಟಿಗೆಯನ್ನೇ ತರಿಸು ಎಂದ ದಿನ ಪಿತೃಪಕ್ಷ ಹುಟ್ಟಿತ್ತು. ಈ ಪಕ್ಷದಲ್ಲಿ ಹೊಸದೇನನ್ನೂ ಮನೆಗೆ ತರಕೂಡದು ಎಂದು ತಡೆದವನು ಚಿಕ್ಕವೆಂಕಟಪ್ಪನೇ. ಬಿಡುವು ಸಿಕ್ಕಿದ್ದೇ ಚಲಪತಿ ಮನಸ್ಸು ಬದಲಿಸಿದ್ದ.

ಒಳಗಿನಿಂದ ಅನುಸೂಯಮ್ಮನ ದನಿ ತೆಳ್ಳಗೆ ಬರುತ್ತಿತ್ತು. ಡಿಸ್ಕನ್ನು ಚಲಪತಿಯ ಲ್ಯಾಪ್‌ಟಾಪಿಗೆ ಸಿಗಿಸಿ, ಕುಂಕುಮವಿಟ್ಟು, ಎಲೆಯ ಪಕ್ಕದ ಮಣೆಯ ಮೇಲೆ ಚಿಕ್ಕವೆಂಕಟಪ್ಪನೇ ಇಡಿಸಿದ್ದ. "ಬ್ಯಾಡ ಮಾವ, ಇರೋದೊಂದೇ," ಎಂದು ಚಲಪತಿ ಹೇಳದೆ ಇರಲಿಲ್ಲ. "ಅವ್ಳ ಹಾಡ್ನ ಅವ್ಳೂ ಒಂದ್ಸಲ ಕೇಳ್ಲಿ ಬಿಡಿ ಅಳೀಂದ್ರೆ," ಎಂದು ಇವನು ಕೇಳಿರಲಿಲ್ಲ.

ಹಾಡು ಒಂದು ಕಡೆ ಎಳೆಯಿತು. ಅದೇ ಅಕ್ಷರ ಮತ್ತೆ, ಮತ್ತೆ. ಆಮೇಲೆ ಹಾಡಿಲ್ಲ. ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್, ಟಿಕ್ ಎಂದು ಒಂದು ಸದ್ದು.

ಚಲಪತಿ ದಡಕ್ಕನೆ ಎದ್ದ. "ಮಾವ, ವಯರ್ ಕೀಳ್ಬೇಕು. ಒಳಗಿನ ಮುಳ್ಳು ತಟ್ಟೇನ ಗೀರ್ತಾ ಐತೆ. ಹಿಂಗೇ ಬಿಟ್ರೆ ಏನೂ ಉಳಿಯಲ್ಲ."

ಚಿಕ್ಕವೆಂಕಟಪ್ಪ ಅವನಿಗಿಂತ ಮೊದಲೇ ಬಾಗಿಲಿಗೆ ಅಡ್ಡ ನಿಂತಿದ್ದ. "ಅವ್ಳದಿನ್ನೂ ಊಟ ಆಗಿಲ್ಲ."

"ಅಪ್ಪ, ದಮ್ಮಯ್ಯ!" ಎಂದ ನಂದೀಶ್.

ಟಿಕ್, ಟಿಕ್. ಸತ್ತವಳನ್ನು ಅರ್ಧ ಊಟದಲ್ಲಿ ಎಬ್ಬಿಸುವುದೇ? ಬದುಕಿದ್ದಾಗ ಎಷ್ಟು ಸಲ ಎಬ್ಬಿಸಿದ್ದನೋ, ಉಪ್ಪು ತಾ, ನೀರು ತಾ ಎಂದು. ಗೊಣಗುತ್ತ ಎದ್ದು ಬರುತ್ತಿದ್ದಳು, ಬಾರದೆ ಇರುತ್ತಿರಲಿಲ್ಲ. ಅವನು ಬಾಗಿಲ ಕಡೆ ತಿರುಗಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ.

"ಅನುಸೂಯಾ, ಒಳಕ್ ಬರ್ತೀವಿ ಕಣಮ್ಮಿ. ಬೇಜಾರ್ ಮಾಡ್ಕೋಬ್ಯಾಡ."

ಸಾಂಬ್ರಾಣಿಯ ಹೊಗೆಯಲ್ಲಿ ದೀಪ ನೆಟ್ಟಗೆ ಉರಿಯುತ್ತಿತ್ತು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಚಲಪತಿ ವಯರ್ ಕಿತ್ತು ಡಿಸ್ಕನ್ನು ಅಂಗೈಯಲ್ಲಿ ಹಿಡಿದ. ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿತ್ತು. ನಂದೀಶ್ ಟೇಬಲ್ ಫ್ಯಾನ್ ಎಳೆದು ತಂದ. ಡಿಸ್ಕ್ ತಣ್ಣಗಾಗುವವರೆಗೆ ಇಬ್ಬರೂ ಎಲೆಯ ಮುಂದೆ ಮಂಡಿಯೂರಿ ಕೂತರು.

"ಇನ್ನೊಂದ್ಸಲ ಓದ್ಬೋದು, ಓದ್ದೇನೂ ಇರ್ಬೋದು," ಎಂದ ಚಲಪತಿ. "ಒಂದೊಂದೇ ನನ್ನ ಲ್ಯಾಪ್‌ಟಾಪಿಗೆ ಎಳ್ಕೋತೀನಿ. ಯಾವ್ದು ಮೊದ್ಲು ಮಾವ?"

"ಘಾಟಿ ಗುಡೀಲಿ ಮೈಕಲ್ಲಿ ಹಾಡಿದ್ದು," ಎಂದ ನಂದೀಶ್. "ಹಾರ್ಮೋನಿಯಂ ಐತೆ, ಎಲ್ರೂ ಹೊಗಳಿದ್ರಲ್ಲ."

"ಅದಲ್ಲ," ಎಂದ ಚಿಕ್ಕವೆಂಕಟಪ್ಪ. "ಈ ವರ್ಷದ್ದು. ಧನುರ್ಮಾಸದ ಕೊನೇ ದಿನದ್ದು."

"ಅದ್ರಲ್ಲಿ ಹಾಡೇ ನಿಂತೋಗೈತಲ್ಲಪ್ಪ. ಅಮ್ಮ ನಿನ್ನ ಬಯ್ತಾಳೆ."

"ಅದೇ ಬೇಕು."

ಚಲಪತಿ ವಯರ್ ಸಿಗಿಸಿದ. ಪರದೆಯ ಮೇಲೆ ಹಸಿರು ಗೆರೆಯೊಂದು ಇರುವೆಯ ಹಾಗೆ ಹೊರಟಿತು.

"ನಾಳೇನೇ ನಿನ್ನ ಪೆಟ್ಟಿಗೆ ತರ್ಸಿಬಿಡು ನಂದೀಶ," ಎಂದ, ಅದರಿಂದ ಕಣ್ಣು ತೆಗೆಯದೆ.

"ಬ್ಯಾಡ ಭಾವ. ಅದು ಬರೋಕೆ ವಾರ ಆಯ್ತದೆ. ನೀವೇ ಜೋಡ್ಸಿ."

"ಲೇ, ನಾನು ಮಿಕ್ಸೀನೇ ಕೊಟ್ಟಿಲ್ಲ. ನಿಂದೇ ಇರ್ಲಿ."

"ಸದ್ದಿದ್ರೆ ಇರ್ಲಿ ಬಿಡಿ, ನಿಮ್ದೇ ಸರಿ ಅಂತೀನಿ."

ಚಿಕ್ಕವೆಂಕಟಪ್ಪ ಹಣೆ ಚಚ್ಚಿಕೊಂಡು ಹೊರಗೆ ಬಂದ. ಅವರಿಬ್ಬರನ್ನೂ ಎಡೆಯನ್ನೂ ಒಳಗೇ ಬಿಟ್ಟು ಬಾಗಿಲನ್ನು ಮತ್ತೆ ಮುಂದೆ ಮಾಡಿದ.

"ಆಯ್ತೇನಪ್ಪಾ?" ಎಂದಳು ಶಿಲ್ಪ. "ಎಲೆ ತೆಗೀಲಾ?"

"ಇನ್ನೂ ಉಣ್ತಾವ್ಳೆ. ಕೂತ್ಕೋ."

ಅವನು ಜಗಲಿಯ ಕಂಬಕ್ಕೆ ಒರಗಿದ. ಒಳಗೆ ನಿಂದೇ, ನಿಮ್ದೇ ನಡೆದೇ ಇತ್ತು. ಬಹಳ ಹೊತ್ತಿನ ಮೇಲೆ ಇದ್ದಕ್ಕಿದ್ದ ಹಾಗೆ ನಿಂತಿತು. ತಾಳದ ಸದ್ದು, ಅದರ ಮೇಲೆ ಹೆಂಗಸಿನ ದನಿ. ಅವನಿಗೆ ಅರಿವಿಲ್ಲದೆಯೇ ಬೆರಳುಗಳು ಕಂಬದ ಮೇಲೆ ತಟ್ಟತೊಡಗಿದವು.

"ಏ ನಂದೀಶನಪ್ಪ," ಎಂದಿತು ದನಿ, ಹಾಡು ನಿಲ್ಲಿಸಿ. "ತಾಳ ತಪ್ತಾ ಐತೆ. ಸುಮ್ಕೆ ಕುಂತ್ಕಳಿ ಅತ್ಲಾಗೆ."

ಕಂಬದ ಮೇಲಿನ ಕೈ ನಿಂತಿತು. ಅವನು ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡ.